ಮೂರು ದಿನದ ನಿಯಮ

ಕಣ್ಣಾಸ್ಪತ್ರೆಯ ನರ್ಸು ಮುದುಕರೊಬ್ಬರ ಕಣ್ಣಿಗೆ ಹನಿ ಹಾಕಿ, "ಆಪರೇಷನ್‌ಗೆ ಕರೆಯೋವರೆಗೂ ಕಣ್ಣು ಮುಚ್ಕೊಂಡಿರಿ" ಎಂದು ಪಕ್ಕದ ರೋಗಿಯ ಕಡೆ ತಿರುಗಿದ್ದಳಷ್ಟೆ. ಮುದುಕರ ಮಗಳು ಮೊಬೈಲು ಹಿಡಿದು ಶುರುಮಾಡಿಯೇಬಿಟ್ಟಳು. ಅಪ್ಪ ಮಗಳು ಇಬ್ಬರೂ ಅದರಲ್ಲಿ ಒಂದೇ ತಂಡ ಕಟ್ಟಿಕೊಂಡು ಯುದ್ಧದ ಆಟ ಆಡುವವರೆಂದು ನರ್ಸಿಗೆ ಎರಡೇ ಮಾತಿಗೆ ತಿಳಿಯಿತು.

"ಅಪ್ಪಾ, ಮೂರು ದಿನದಿಂದ ನೀನು ಆಟಕ್ಕೇ ಬಂದಿಲ್ಲ. ನಿನ್ನ ತೆಗೆದುಹಾಕು ಅಂತ ತಂಡದವರು ನನ್ನ ತಲೆ ತಿಂತಿದ್ದಾರೆ."

"ಕಣ್ಣು ಮಂಜು ಕಣೇ. ನಮ್ಮ ಕೋಟೆ ಯಾವುದು, ಶತ್ರುದು ಯಾವುದು ಅಂತಾನೇ ಕಾಣಲ್ಲ."

"ಮೂರು ದಿನ ಬರದಿದ್ರೆ ಹೊರಗೆ ಅಂತ ನಿಯಮ ಮಾಡಿದ್ಯಾರು?"

"ನಾನೇ. ಆಗ ನಾನು ನಾಯಕ."

"ನಾನು ಹೆರಿಗೆ ವಾರ್ಡಲ್ಲಿದ್ದಾಗ ನನ್ನ ತೆಗೆದುಹಾಕಿದ್ದು ಯಾರು?"

ನರ್ಸು ಹಾಕುತ್ತಿದ್ದ ಹನಿ ಪಕ್ಕದ ರೋಗಿಯ ಕೆನ್ನೆಗೆ ಬಿತ್ತು.

"ಮಗಳು ಅಂತ ಬಿಟ್ಟಿದ್ರೆ ಮಿಕ್ಕವರು ಸುಮ್ನಿರ್ತಿದ್ರಾ? ಈಗ ನಾಯಕಿ ನೀನು, ನಿಯಮ ತಿದ್ದು. ಮೊದಲೇ ಹೇಳಿ ಹೋದವರಿಗೆ ರಜೆ ಅಂತ ಹಾಕು."

"ನಾನೂ ಹೇಳಿಯೇ ಹೋಗಿದ್ದೆ, ಅಪ್ಪ."

ಒಳಗಿನಿಂದ ಮುದುಕರ ನಂಬರು ಕೂಗಿದರು. ಅವರು ಕುರ್ಚಿಯ ಕೈ ತಡವಿಕೊಂಡು ಎದ್ದರು.

"ತೆಗೆದುಹಾಕು ಹಾಗಾದ್ರೆ. ನಿಯಮ ಆಮೇಲೆ ತಿದ್ದು." ಎರಡು ಹೆಜ್ಜೆ ಇಟ್ಟು ನಿಂತರು. "ಕಣ್ಣು ಸರಿಹೋದ್ಮೇಲೆ ವಾಪಸ್ ಸೇರಿಸ್ಕೋತೀಯಲ್ಲ?"

"ಅರ್ಜಿ ಹಾಕು. ನಾನೂ ಹಾಕಿದ್ದೆ, ಒಂದು ಕೈಲಿ ಮಗು ಎತ್ಕೊಂಡು."

ಅವಳು ಹೆಬ್ಬೆರಳಿನಿಂದ ಮೊಬೈಲಿನಲ್ಲಿ 'ತೆಗೆದುಹಾಕು' ಒತ್ತಿದಳು, ಚೀಲಕ್ಕೆ ಹಾಕಿದಳು, ಅಪ್ಪನ ತೋಳು ಹಿಡಿದಳು.

"ಹೊಸ್ತಿಲಿದೆ. ಕಾಲೆತ್ತಿ ಇಡು."