ಭಾವನ ಜಗಲಿಗೆ ಎರಡನೇ ಸ್ನಾನ

ಹಾರೆ ಕೆಳಗಿಡಿ ಭಾವ... ಇಡಿ ಅಂದ್ರೆ ಇಡಿ! ನಾನೇನು ತುಕ್ಕು ಹಿಡಿದ ಮೊಳೆನಾ, ಹಾಗೆ ಗುರಿಯಿಟ್ಟು ನೋಡ್ತೀರಲ್ಲ? ಹೆಂಡತಿ ತಮ್ಮ ಬಂದಿದ್ದಾನೆ, ಬಾರಪ್ಪ, ಕೂತ್ಕೋ ಅಂತ ಒಂದು ಮಾತು... ಬೇಡ ಬಿಡಿ. ಬೆಳಿಗ್ಗೆ ಆರಕ್ಕೇ ಅಕ್ಕ ಫೋನ್ ಮಾಡಿ ಗೋಳಾಡಿದ್ಲು. 'ನಿನ್ನ ಭಾವ ಇವತ್ತು ಹಿಂದಿನ ಮರದ ಜಗಲಿ ಕಿತ್ತು ಹಾಕ್ತಾರಂತೆ ಕಣೋ, ಒಂದೊಂದು ಹಲಗೇನೂ ಸೀಳಿ ಒಲೆಗೆ ಹಾಕ್ತಾರಂತೆ, ಓಡಿ ಬಾ' ಅಂತ. ಓಡಿ ಬಂದೆ. ಗಾಡಿ ಸಮೇತ, ಪಂಪ್ ಸಮೇತ, ಮುಖ ಕೂಡ ತೊಳೀದೆ! ಊರಿನ ಗೋಡೆಯೆಲ್ಲ ತೊಳೆಯೋನು ತನ್ನ ಮುಖ ತೊಳ್ಕೊಂಡಿಲ್ಲ. ನಗಿ, ನಗಿ, ಪರವಾಗಿಲ್ಲ.

ಒಂದೇ ಒಂದು ಗಂಟೆ ಕೊಡಿ ಭಾವ. ಈ ಪಾಚಿಯೆಲ್ಲ ತೆಗೆದು ತೋರಿಸ್ತೀನಿ. ಕೆಳಗೆ ಮರ ಗಟ್ಟಿಯಿದ್ರೆ ಜಗಲಿ ಉಳೀಲಿ. ಇಲ್ಲಾಂದ್ರೆ ನಾನೇ ಹಾರೆ ಹಿಡೀತೀನಿ, ಆಯ್ತಾ? ...ಯಾಕೆ ಹುಬ್ಬು ಏರಿಸ್ತೀರಿ? ಹೋದ ಸಲ ತೊಳೆದಾಗಲೇ ಇದು ಹಾಳಾಗಿದ್ದು ಅಂತಾನಾ?

ಹೌದಪ್ಪ, ಮರೆತಿಲ್ಲ. ಎರಡು ವರ್ಷ ಆಯ್ತು. ಜೋರಾಗಿ ನೀರು ಚಿಮ್ಮಿಸಿ ತೊಳೆಯೋ ಈ ಪಂಪ್ ನಾನು ಹೊಸದಾಗಿ ತಂದ ದಿನ. ಯಾರೂ ಕೆಲಸಕ್ಕೆ ಕರೀದೇ ಇದ್ದಾಗ, 'ನನ್ನ ಜಗಲಿಯಿಂದಲೇ ಬೋಣಿ ಮಾಡೋ' ಅಂದೋರು ನೀವು. ನೀವೇ ಆರಿಸಿ, ನೀವೇ ಕೀಸುಳಿ ಹಿಡಿದು ನಯ ಮಾಡಿದ ನಲವತ್ತು ಹಲಗೆ... ನೀರು ಬಿದ್ದಿದ್ದೇ ತಡ, ನಾರು ನಾರಾಗಿ ಎದ್ದು ನಿಂತ್ಕೊಂಡ್ವು. 'ಮರ ಒಳಗೇ ಕೊಳೆತಿತ್ತು ಭಾವ, ಅಂಗಡಿಯವನು ಮೋಸ ಮಾಡಿದ್ದಾನೆ' ಅಂದೆ. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದೋರು ಮಾರನೇ ದಿನವೇ ಉಳಿ ಸುತ್ತಿಗೆ ಇಡೋ ಕೊಟ್ಟಿಗೆಗೆ ಬೀಗ ಹಾಕಿಬಿಟ್ರಿ! ಮರದ ಗುಣ ತಿಳೀದೋನು ಉಳಿ ಹಿಡೀಬಾರದು ಅಂತ ಅಕ್ಕನ ಹತ್ರ ಅಂದ್ರಂತೆ. ಅಷ್ಟು ಮನಸ್ಸಿಗೆ ಹಚ್ಕೋತಾರಾ ಯಾರಾದ್ರೂ?

ಹೋಗ್ಲಿ. ಈಗ ನೋಡಿ, ಪೈಪಿನ ತುದಿಗೆ ಈ ಬಿಳಿ ಮೂತಿ ಹಾಕಿದ್ದೀನಿ. ನೀರು ಬೀಸಣಿಗೆ ಥರ ಅಗಲಕ್ಕೆ ಬರುತ್ತೆ. ಮಗೂಗೆ ಎರೆದ ಹಾಗೆ! ಮೊದಲು ಸೋಪು, ಹತ್ತು ನಿಮಿಷ ನೆನೀಲಿ, ಆಮೇಲೆ ಮೆತ್ತಗೆ... ಹಾಂ! ಬಂತು ನೋಡಿ ಬಣ್ಣ! ಅಯ್ಯೋ, ಸರಿದು ನಿಂತ್ಕೊಳ್ಳಿ, ಚಡ್ಡಿ ಒದ್ದೆಯಾದ್ರೆ ಅಕ್ಕ ನನ್ನನ್ನೇ ಬೈಯೋದು. ಇಲ್ಲಿ ನೋಡಿ, ಎಲ್ಲಿ ಕೊಳೆತಿದೆ? ನಿಮ್ಮ ಮಂಡಿಗಿಂತ ಗಟ್ಟಿಯಾಗಿದೆ ಈ ಹಲಗೆ.

ಅದನ್ಯಾಕೆ ಎತ್ತುತ್ತೀರಿ? ಬೇಡ ಬೇಡ, ಆ ಹೂಕುಂಡ ಅಲ್ಲೇ ಇರಲಿ. ಮೂಲೆ ಅಲ್ವಾ, ಯಾರು ನೋಡ್ತಾರೆ? ಸೊಂಟ ಹಿಡ್ಕೊಳ್ಳುತ್ತೆ ಭಾವ... ಹೌದು, ನಾನೇ ಇಟ್ಟಿದ್ದು. ಅವತ್ತೇ ಇಟ್ಟಿದ್ದು. ಅಂದಕ್ಕೆ! ಒಂದಲ್ಲ, ಮೂರು ಕುಂಡ, ಸಾಲಾಗಿ... ಅಂದಕ್ಕೇ ಭಾವ. ನನಗೂ ಒಂಚೂರು ಕಲೆ ಗಿಲೆ ಇರಬಾರದಾ?

ಎತ್ತೇಬಿಟ್ರಾ.

ಏನು? ಪಂಪ್ ನಿಲ್ಲಿಸಬೇಕಾ? ...ನಿಲ್ಲಿಸಿದೆ. ಯಾಕೆ ಅಲ್ಲಿ ಮಂಡಿಯೂರಿದ್ರಿ? ಏನಿಲ್ಲ ಅಲ್ಲಿ. ಗೆದ್ದಲು. ಗೆದ್ದಲೇ ಹಾಗೆ, ಸೊಟ್ಟಸೊಟ್ಟಗೆ ಕೊರೀತಾ ಹೋಗುತ್ತೆ. ಒದ್ದೆಯಾದ್ರೆ ಗೀಟು ಎದ್ದು ಕಾಣುತ್ತೆ, ಒಣಗಿದ್ರೆ ಏನೂ ಇರಲ್ಲ... ಬೆರಳಾಡಿಸಬೇಡಿ ಭಾವ. ಸಿಬಿರು ಚುಚ್ಚುತ್ತೆ.

ಏನಾದ್ರೂ ಅನ್ನಿ... ನನ್ನ ಮುಖ ನೋಡ್ಬೇಡಿ ಹಾಗೆ.

ಗೆದ್ದಲಲ್ಲ. ಗೆದ್ದಲಿಗೆ ಎಲ್ಲಿಂದ ಬರಬೇಕು ಅಕ್ಷರ!

ನಾನೇ ಬರೆದಿದ್ದು. ಪಂಪಿನ ಜೊತೆ ಒಂದು ಕೆಂಪು ಮೂತಿನೂ ಬರುತ್ತೆ ಭಾವ, ನೀರು ಸೂಜಿ ಥರ ಹೊರಡುತ್ತೆ. ಕಲ್ಲಿಗೆ ಮಾತ್ರ ಹಾಕಬೇಕು ಅದನ್ನ. ತೊಳೆಯೋ ಮುಂಚೆ ಕೊಳೆ ಮೇಲೆ ನೀರಲ್ಲೇ ಏನಾದ್ರೂ ಗೀಚೋದು ನಮ್ಮ ಕೆಲಸದೋರಿಗೆಲ್ಲ ಒಂದು ಚಪಲ. ನೀವು ಟೀ ತರೋಕೆ ಒಳಗೆ ಹೋದ್ರಲ್ಲ... ಹೊರಗೆ ಬರೋಷ್ಟರಲ್ಲಿ ಈ ಹಸಿರು ಪಾಚಿ ಮೇಲೆ ದೊಡ್ಡದಾಗಿ ನಾನು ನಿಮ್ಮನ್ನ ಕರೆಯೋದನ್ನೇ ಬರೆದಿಡೋಣ, ನೋಡಿ ನಗ್ತೀರಿ ಅಂದ್ಕೊಂಡೆ. ಅಷ್ಟೇ. ಆಟಕ್ಕೆ. ಪಾಚಿ ಹೋಯ್ತು, ಜೊತೆಗೆ ಮರಾನೂ ಹೋಯ್ತು! ಬೆರಳು ಇಳಿಯೋಷ್ಟು ಆಳ. ಗಾಬರಿಯಾಗಿ ಅಳಿಸೋಕೆ ಹೋದೆ, ಅದೇ ಕೆಂಪು ಮೂತೀಲಿ. ಆ ಹಲಗೆ ಎಕ್ಕುಟ್ಟೋಯ್ತು, ಅಕ್ಷರ ಮಾತ್ರ ಹೋಗಲಿಲ್ಲ, ಅದಕ್ಕೇ ಈ ಕುಂಡ. ಒಂದೇ ಹಲಗೆ ಹಾಗಿದ್ರೆ ಗೊತ್ತಾಗುತ್ತೆ ಅಂತ ಪಕ್ಕದ್ದು, ಅದರ ಪಕ್ಕದ್ದು... ನಲವತ್ತನ್ನೂ ನಾನೇ ಕೆರೆದು ಹಾಕಿದೆ ಭಾವ.

ನಿಮ್ಮ ಮರದಲ್ಲಿ ಏನೂ ತಪ್ಪಿರಲಿಲ್ಲ. ನಿಮ್ಮ ಕಣ್ಣಲ್ಲೂ ತಪ್ಪಿರಲಿಲ್ಲ.

ಅವತ್ತೇ ಹೇಳಬೇಕಿತ್ತು. ಅಕ್ಕ ಕಾಂಪೌಂಡ್ ಹತ್ರ ನಿಂತು ಪಕ್ಕದ ಮನೆಯೋರಿಗೆ 'ನನ್ನ ತಮ್ಮ, ಸ್ವಂತ ಕೆಲಸ ಶುರು ಮಾಡಿದ್ದಾನೆ' ಅಂತ ಜಂಭ ಕೊಚ್ಕೋತಿದ್ಲು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬರೋಷ್ಟರಲ್ಲಿ ನಿಮ್ಮ ಕೊಟ್ಟಿಗೆಗೆ ಬೀಗ ಬಿದ್ದಿತ್ತು. ಆ ಬೀಗ ನೋಡಿದ ಮೇಲೆ ಹೆದರಿಕೆ ಆಯ್ತು ಭಾವ, ನಿಜವಾಗ್ಲೂ. ಎರಡು ವರ್ಷ ಈ ಬೀದಿಗೇ ಬರದೆ ಆ ಕಡೆಯಿಂದ ಸುತ್ತಿ ಹೋಗ್ತಿದ್ದೆ. ಊರೋರ ಛಾವಣಿ ತೊಳೀತಾ ತೊಳೀತಾ ನಿಮ್ಮ ಮುಖವೇ ನೆನಪಾಗ್ತಿತ್ತು. ಬೈಯಿರಿ. ಎರಡು ಬಾರಿಸಿ ಬೇಕಾದ್ರೆ. ಸುಮ್ನೆ ಮಾತ್ರ ಇರಬೇಡಿ.

ಎಲ್ಲಿಗೆ ಹೊರಟ್ರಿ? ಭಾವ? ...ಬೀಗದ ಕೈ ಯಾಕೆ? ಅಯ್ಯೋ, ಕೊಟ್ಟಿಗೆ ಬಾಗಿಲು... ಅಕ್ಕಾ! ಅಕ್ಕಾ, ಬಾರೇ ಇಲ್ಲಿ!

ಉಳಿ ಸುತ್ತಿಗೆ ಯಾಕೆ ಭಾವ? ಮಾತಲ್ಲೇ ಬಗೆಹರಿಸ್ಕೊಳ್ಳೋಣ, ನಾನು ನಿಮ್ಮ ಒಬ್ಬನೇ ಭಾವಮೈದ... ಓ, ಹಲಗೆಗಾ. ಮತ್ತೆ ಮಂಡಿಯೂರ್ತಾರಪ್ಪ ಈ ಮನುಷ್ಯ. ಏನು ಮಾಡ್ತಿದ್ದೀರಿ? ಮೊದಲನೇ ಅಕ್ಷರದ ಕೆಳಗೆ ಅದೇನದು...

ಥೂ! ನಾನು ಬರೆದಿರೋದು 'ಬಾವ'! 'ಭ'ಕ್ಕೆ ಹೊಟ್ಟೆ ಸೀಳೇ ಇಲ್ಲ! ನಲವತ್ತು ಹಲಗೆ ಹಾಳು ಮಾಡಿದ್ದಕ್ಕೆ ಚಕಾರ ಇಲ್ಲ, ಕಾಗುಣಿತ ತಿದ್ದೋಕೆ ಉಳಿ ತಂದ್ರಾ?

ಅಕ್ಕಾ, ಏನಿಲ್ಲ ಕಣೆ, ಗಾಬರಿ ಬೇಡ. ನಿನ್ನ ಗಂಡ ಕೆಲಸ ಮಾಡ್ತಿದ್ದಾರೆ ನೋಡು ಬಾ. ಹೂಂ, ಹೊಡೀರಿ ಭಾವ, ಇನ್ನೊಂದೇಟು ಜೋರಾಗಿ ಹೊಡೀರಿ. ಮರ ಗಟ್ಟಿಯಿದೆ.