ಲಾರಿ ಬಾಗಿಲು ಬಡಿದವಳು

ಹೇಳಿ ನೋಡೋಣ... ಮುಂದೆ ಕಣ್ಣು ಹಾಯುವಷ್ಟು ದೂರ ಅದಿರಿನ ಲಾರಿ, ಹಿಂದೆಯೂ ಅಷ್ಟೇ. ನಡುವೆ ಸಿಕ್ಕಿಬಿದ್ದ ಒಂದು ಓಮ್ನಿ ವ್ಯಾನು. ಅದು ಹೊತ್ತು ಮುಳುಗುವುದರೊಳಗೆ ಸಂಡೂರು ದಾಟಿತು. ಹೇಗೆ? ಪೊಲೀಸರು ದಾರಿ ಬಿಡಿಸಿದರು ಅಂತೀರಾ? ತಪ್ಪು! ಯೋಚನೆ ಮಾಡ್ತಿರ್ರಿ, ಆ ಬಾಗಿಲೊಂದು ಮುಂದಕ್ಕೆ ಹಾಕಿ ಬರ್ತೀನಿ... ಹಾಂ. ಈಗ ಹತ್ರ ಬಂದು ಕುಂದ್ರಿ.

ನಮ್ಮ ಪಕ್ಕದ ಮನೆ ಜಡೆಪ್ಪ ಗೊತ್ತಲ್ಲ, ಚಿತ್ತವಾಡ್ಗಿಯಲ್ಲಿ ಮೋಟಾರು ರಿಪೇರಿ ಮಾಡೋನು? ಗಿರಾಕಿಗಳಿಗೆ ಬಿಟ್ಟು ಇನ್ಯಾರಿಗೂ ಸುಳ್ಳು ಹೇಳಿದವನಲ್ಲ. ಅವನ ತಾಯಿ ಮರುಳಸಿದ್ದಮ್ಮ. ಸಂಡೂರಿನ ಆಚೆ ಹಳ್ಳಿಗೆ ಕೊಟ್ಟಿದ್ದ ತಂಗಿ ಹೊಳೆಮ್ಮನಿಗೆ ಮೈ ಸರಿಯಿಲ್ಲ ಅಂತ ಸುದ್ದಿ ಬಂದದ್ದೇ ತಡ, ಮುದುಕಿ ಹಟ ಹಿಡಿದು ಮಗನ ಜೊತೆ ಆ ಓಮ್ನಿಯಲ್ಲಿ ಹೊರಟಳು. ತೊಡೆಯ ಮೇಲೆ ಒಂದು ಹಸಿರು ಸೀರೆ. ತಂಗಿಗೆ ಉಡಿ ತುಂಬಿದರೆ ಗುಣ ಆಗ್ತಾಳೆ ಅಂತ ಅವಳ ನಂಬಿಕೆ.

ಘಟ್ಟದ ಕೆಳಗಿನ ಆಲದ ಮರದ ಹತ್ತಿರ ಎಲ್ಲ ನಿಂತಿತು. ಎರಡೂ ಕಡೆಯ ಲಾರಿ ಎದುರುಬದುರು ಸಿಕ್ಕಿ, ಎಂಜಿನ್ ಆರಿಸಿ, ಡ್ರೈವರುಗಳು ನಿದ್ದೆ ಹೊಡೀತಿದ್ದರು. ಕೆಂಪು ಧೂಳು ಎಂಥದ್ದು ಅಂತೀರಿ! ಹಾಡುಹಗಲೇ ಮಬ್ಬು.

ಆಗ ಜಡೆಪ್ಪನ ಮೊಬೈಲು ಬಡಿದುಕೊಂಡಿತು. ಹೊಳೆಮ್ಮನ ಮಗ ವೀರೇಶ್.

"ಅಣ್ಣಾ... ಅವ್ವ ಹೋದ್ಲೋ."

ಜಡೆಪ್ಪ ಕೆಳಗಿಳಿದು ದೂರ ಸರಿದ.

"ಹೊತ್ತು ಮುಳುಗೋದ್ರಾಗ ಮಣ್ಣು ಮಾಡ್ಬೇಕಂತ ಹಿರ್ಯಾರು ಕುಂತಾರ. ತವರಿನ ಸೀರಿ ಹೊದಿಸ್ದ ಹೆಂಗ ಕಳಿಸೋದು? ದೊಡ್ಡವ್ವನ್ನ ಜಲ್ದಿ ಕರಕೊಂಡು ಬಾ."

ಗಂಡ ಇರುವ ಹೆಂಗಸು ಸತ್ತರೆ ಕಡೇ ಸೀರೆ ತವರಿನಿಂದಲೇ ಬರಬೇಕು, ಅದು ಅವರ ಮನೆತನದ ಪದ್ಧತಿ. ಇಲ್ಲದಿದ್ದರೆ ಹೆಣ್ಣು ಅನಾಥಳಂತೆ ಮಣ್ಣಿಗೆ ಹೋದ ಹಾಗೆ. ಹೊಳೆಮ್ಮನ ತವರು ಅಂತ ಉಳಿದವಳು ಈ ಅಕ್ಕ ಒಬ್ಬಳೇ.

ತಾಯಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮುಂದಿನ ಲಾರಿಯ ಡ್ರೈವರು ಮೂಕಣ್ಣನನ್ನು ಎಬ್ಬಿಸಿ ಕೈ ಮುಗಿದ.

"ಚೂರು ಸರೀರಿ ಅಣ್ಣಾರ... ಅರ್ಜೆಂಟ್ ಐತಿ."

"ನಾ ಸರಿದ್ರ ಏನ್ ಬಂತಲೇ? ನನ್ನ ಮುಂದಿನವ ಸರೀಬೇಕು, ಅವನ ಮುಂದಿನವ ಸರೀಬೇಕು, ಹಂಗ ಗಣಿ ತನಕ. ನಾ ನಿನ್ನೆಯಿಂದ ಇಲ್ಲೇ ಅದೀನಿ. ನಿನಗೇನ್ ಮಾವನ ಮನ್ಯಾಗ ಹೋಳಿಗಿ ಆರಾಕತ್ಯಾವೇನು?"

ಜಡೆಪ್ಪ ಇನ್ನಷ್ಟು ಲಾರಿಗಳ ಬಾಗಿಲು ತಟ್ಟಿದ. ಬೈಸಿಕೊಂಡ. ತಾಯಿಯನ್ನು ಹೊತ್ತುಕೊಂಡೇ ಹೋಗಲಾ ಅಂದುಕೊಂಡ; ಆ ಘಟ್ಟ, ಆ ದೂರ... ಹೊತ್ತು ಇಳಿಯುತ್ತಲೇ ಇತ್ತು. ವ್ಯಾನಿನ ಹಿಂದೆ ಹೋಗಿ, ತಾಯಿಗೆ ಕಾಣದ ಹಾಗೆ ಕುಕ್ಕರಗಾಲಲ್ಲಿ ಕೂತು, ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತ.

ಆಗ ಕೇಳಿಸಿತು...

ಧಡ್. ಧಡ್.

ದೂರ, ಘಟ್ಟದ ಮೇಲೆ. ತಗಡಿನ ಬಾಗಿಲಿಗೆ ಅಂಗೈ ಬಡಿಯುವ ಸದ್ದು. ಅದರ ಹಿಂದೆಯೇ ಬಳೆ... ಖಣ್. ಆಮೇಲೆ ಒಂದು ಎಂಜಿನ್, ಗುರ್‌ರ್‌ರ್... ಟೈರಿನ ಕೆಳಗೆ ಜಲ್ಲಿ ಚರಚರ.

ಮತ್ತೆ. ಧಡ್, ಧಡ್. ಖಣ್. ಇನ್ನೊಂದು ಎಂಜಿನ್.

ಸದ್ದು ಒಂದೊಂದೇ ಲಾರಿ ಇಳಿದು ಇತ್ತಲೇ ಬರುತ್ತಿತ್ತು. ಜಡೆಪ್ಪ ಎದ್ದು ನಿಂತ. ಧೂಳಿನಲ್ಲಿ ಲಾರಿಗಳು ಅತ್ತ ಒಂದು, ಇತ್ತ ಒಂದು, ರಸ್ತೆಯ ಅಂಚಿಗೆ ಸರಿಯುತ್ತಿದ್ದವು. ಮೂಕಣ್ಣನ ಲಾರಿಗೂ ಬಡಿಯಿತು... ಧಡ್, ಧಡ್. ಖಣ್. ಆ ಬಾಗಿಲು ಜಡೆಪ್ಪನ ಕಣ್ಣಿಗೆ ಕಾಣುತ್ತಲೇ ಇತ್ತು. ಅಲ್ಲಿ ಯಾರೂ ಇರಲಿಲ್ಲ!

ಮೂಕಣ್ಣ ಲಾರಿ ಸರಿಸಿದ. ಜಡೆಪ್ಪ ವ್ಯಾನು ಹತ್ತಿ ಅವನ ಪಕ್ಕಕ್ಕೆ ಬಂದಾಗ ಮೂಕಣ್ಣ ಕತ್ತು ಹೊರಗೆ ಹಾಕಿ ಅಂದ: "ಸಿಟ್ಟಾಗಬ್ಯಾಡಪ್ಪ. ಮೊದಲೇ ಆಯಮ್ಮನ್ನ ಕಳಿಸಿದ್ರ ಆಗ್ತಿತ್ತಿಲ್ಲ?"

"ಯಾವ... ಯಮ್ಮ?"

"ಅದ, ಈಗ ಬಾಗಿಲು ಬಡದ್ಲಲ್ಲ. 'ನಮ್ಮಕ್ಕ ಬರ್ತಾಳ, ದಾರಿ ಬಿಡ್ರಪ್ಪಾ' ಅಂದ್ಲು. ಯಾವ ಮದಿವಿಗೆ ಹೊಂಟೀರಿ? ಕೊಳ್ಳಾಗ ಇಷ್ಟು ದಪ್ಪ ಹೂವಿನ ಹಾರ, ಹಣಿ ತುಂಬ ಈಬತ್ತಿ..."

ಜಡೆಪ್ಪ ಗಕ್ಕನೆ ಬ್ರೇಕು ಒತ್ತಿದ. ಅವರಲ್ಲಿ ಹಾಗೆ ಹಾರ ಹಾಕಿ, ವಿಭೂತಿ ಬಳಿದು ಸಿಂಗರಿಸಿ ಕೂರಿಸುವುದು ಹೆಣವನ್ನು!

ಪಕ್ಕಕ್ಕೆ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ. ಮರುಳಸಿದ್ದಮ್ಮ ಮೆಲ್ಲಗೆ ಅಂದಳು:

"ಸುಮ್ನ ಹೊಡಿ ಮಗನ. ಆಕಿ ಕಾಯಾಕತ್ತಾಳ."

"ಯಾರವ್ವಾ?"

"ಎಷ್ಟಂತ ಮುಚ್ಚಿಡ್ತೀ?... ಕಿಡಕಿಗೆ ಬಂದು 'ಅಕ್ಕಾ' ಅಂದು ಹೋದ್ಲು."

ಜಡೆಪ್ಪ ಗೇರು ಹಾಕಿ ವ್ಯಾನನ್ನು ಘಟ್ಟಕ್ಕೆ ಹತ್ತಿಸಿದ.

ಹಳ್ಳಿ ಮುಟ್ಟಿದಾಗ ಬೆಟ್ಟದ ಅಂಚಿನಲ್ಲಿ ಇನ್ನೂ ಬೆರಳಗಲ ಸೂರ್ಯ. ಹೊಳೆಮ್ಮ ಇನ್ನೂ ಪಡಸಾಲೆಯಲ್ಲೇ ಕೂತಿದ್ದಳು. ಅಕ್ಕ ಸೀರೆ ಹೊದಿಸಿದಳು, ಕೆನ್ನೆ ಸವರಿದಳು, ಆಗ ಬಂತು ನೋಡಿ ಅಳು.

ಜಡೆಪ್ಪ ವೀರೇಶನ ಹೆಂಡತಿ ಸುನಿತಾಳನ್ನು ಕೇಳಿದ: "ನಮ್ಮ ಸಲುವಾಗಿ ತಡದ್ರೇನವಾ?"

"ಇಲ್ಲ ಭಾವಾರ." ಅವಳ ದನಿ ಪಿಸುಗುಟ್ಟುತ್ತಿತ್ತು. "ಹಿರ್ಯಾರು ಆಗ್ಲೇ ಎತ್ರಿ ಅಂದ್ರು. ಆದ್ರ ಅತ್ತಿ ಕೈ... ತೊಳದೂ ತೊಳದೂ ಸಾಕಾತು, ಮತ್ತ ಮತ್ತ ಕೆಂಪಾಗಾಕತ್ತಿದ್ವು. ಮೈಲಿಗಿ ಕೈಯಾಗ ಹೆಂಗ ಕಳಿಸೋದು ಅಂತ ಮಠದ ಅಯ್ಯನೋರು ತಡದ್ರು."

ಜಡೆಪ್ಪ ಬಗ್ಗಿ ನೋಡಿದ. ಹೊಳೆಮ್ಮನ ಎರಡೂ ಅಂಗೈ... ಅದಿರಿನ ಧೂಳಿನಿಂದ ಕೆಂಪಗಿದ್ದವು. ಸುನಿತಾ ಚೊಂಬಿನಿಂದ ನೀರು ಹೊಯ್ದಳು. ಕೆಂಪು ಹರಿದು ಕೈ ಬೆಳ್ಳಗಾದವು. ಆಮೇಲೆ ಮತ್ತೆ ಕೆಂಪಾಗಲಿಲ್ಲ.

ನಗಬ್ಯಾಡ್ರಿ. ಕಟ್ಟಿ ಹೇಳೋದಾಗಿದ್ದರೆ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದೆ. ನಡೆದದ್ದು ನಡೆದ ಹಾಗೆ ಹೇಳಿದ್ದೀನಿ: ಎರಡು ಸಾವಿರದ ಆರನೇ ಇಸವಿ, ನವೆಂಬರ್ ಇಪ್ಪತ್ತು, ಕಡೇ ಕಾರ್ತಿಕ ಸೋಮವಾರ.