ಸ್ಟೋರ್ ಮಾಮನಿಗೊಂದು ಫೋನು

ಹಲ್ಲು ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಕೊಡೆ ಕಾರ್ಖಾನೆ ನಡೆಸುವ ಅಕ್ಕ, ತಮ್ಮ ಕೂತಿದ್ದರು.

“ಸ್ಟೋರ್ ಮಾಮಂಗೆ ಫೋನ್ ಮಾಡಿದ್ಯಾ, ಅಕ್ಕ?”

“ಮಾಡ್ದೆ ಕಣೋ. ಅಷ್ಟು ವರ್ಷ ನಮ್ಮ ಸ್ಟೋರ್ ನೋಡ್ಕೊಂಡೋರನ್ನ ಕೆಲಸದಿಂದ ಬಿಡಿಸಿದೋರೂ ನಾವೇ, ಯಾವ ಸಾಮಾನು ಎಲ್ಲಿ ಸಿಗುತ್ತೆ ಅಂತ ಅವರನ್ನೇ ಪೀಡಿಸೋರೂ ನಾವೇ. ನಾಚಿಕೆಯಾಗಿ ಇವತ್ತು ಬರೀ ಆರೋಗ್ಯ ವಿಚಾರಿಸ್ದೆ.”

“ಖುಷಿ ಪಟ್ರಾ?”

“ಎಲ್ಲಿ? ‘ಎಲ್ಲಾ ಕಲ್ತುಬಿಟ್ರಾ? ಇನ್ನು ನಾನು ಬೇಡ್ವಾಮ್ಮ?’ ಅಂದ್ರು.”

“ಅಯ್ಯೋ! ಆಮೇಲೆ?”

“ಕೊಡೆ ಹಿಡಿಕೆ ಯಾರ ಹತ್ರ ತರ್ಸೋದು ಅಂತ ಬಾಯಿಗೆ ಬಂದಿದ್ದನ್ನ ಕೇಳ್ದೆ. ನಾವು ಮೊದ್ಲು ತರಿಸ್ತಿದ್ದ ಅಂಗಡಿನೇ ಹೇಳಿ, ಆ ಅಂಗಡಿಯೋನ ಹತ್ರ ಹೇಗೆ ಮಾತಾಡ್ಬೇಕು ಅಂತಾನೂ ಹೇಳ್ಕೊಟ್ರು, ಪಾಪ.”

“ಆ ಅಂಗಡಿ ಮುಚ್ಚಿ ವರ್ಷ ಆಯ್ತಲ್ಲ!”

“ನಾಳೆನೇ ಹೋಗ್ತೀನಿ ಅಂದೆ.”

ಒಳಗಿಂದ ಕರೆದರು. ಅಕ್ಕ ಕೆನ್ನೆ ಒತ್ತಿಕೊಂಡು ಎದ್ದಳು.

“ನಾಳಿದ್ದು ನೀನು ಫೋನ್ ಮಾಡು. ಕೊಡೆ ಕಡ್ಡಿ ಎಲ್ಲಿ ಸಿಗುತ್ತೆ ಅಂತ ಕೇಳು.”